ಲಾಳ ತಿಂದ ಹುಣಸೆ

ಲಾಳ ಹೊಡೆಯಲು ಎತ್ತು ಕೆಡವುವುದಕ್ಕೆ ಶಕ್ತಿ ಬೇಕಿಲ್ಲ ಎಂದು ಅವರು ಹೇಳುತ್ತಿದ್ದರು. "ತಾಕತ್ತು ಎತ್ತಿಂದು. ನಮ್ಮದು ಬರೇ ಹಗ್ಗ." ಹಾಗೆನ್ನುತ್ತಲೇ ಹಗ್ಗವನ್ನು ಎತ್ತಿನ ಹೊಟ್ಟೆಯ ಸುತ್ತ ಬಳಸಿ, ಕಾಲುಗಳ ನಡುವೆ ಹಾಯಿಸಿ, ಹುಣಸೆಯ ಬೇರಿನ ಒಂದು ಗಂಟಿಗೆ ಸುತ್ತು ಹಾಕಿ, ತುದಿಯನ್ನು ಗಾಡಿಯವನ ಕೈಗೆ ಕೊಡುತ್ತಿದ್ದರು. ಆಮೇಲೆ ಎತ್ತಿನ ಕಿವಿಯ ಹತ್ತಿರ ಬಾಯಿಟ್ಟು ಏನೋ ಅನ್ನುತ್ತಿದ್ದರು. ಎತ್ತು ತುಸು ಯೋಚಿಸಿದ ಹಾಗೆ ನಿಂತು ಮಗ್ಗುಲಿಗೆ ಒರಗುತ್ತಿತ್ತು.

ಕಿವಿಯಲ್ಲಿ ಏನು ಹೇಳುತ್ತೀರಿ ಎಂದು ಒಮ್ಮೆ ಕೇಳಿದೆ.

"ಏನೂ ಇಲ್ಲರಿ ಸಣ್ಣ ಸಾವ್ಕಾರ್ರ. ಕಿವ್ಯಾಗ ಬಿಸಿ ಉಸರ ಬಿಟ್ರ ಅದು ಕಾಲ ಮರೀತದ."

ಅವರು ದೇವರ ಕಲ್ಮಾ ಓದುತ್ತಾರೆ ಎಂದು ಔರಾದ ಕಡೆಯ ಗಾಡಿಯವರು ಹೇಳುತ್ತಿದ್ದರು. ನಮ್ಮ ಗಾಡಿ ಹೊಡೆಯುತ್ತಿದ್ದ ಭಾತಂಬ್ರಾದ ಮುದುಕ, ಅದೆಲ್ಲ ಸುಳ್ಳು, ಬೈತಾನ, ನಾ ಕೇಳೀನಿ ಎನ್ನುತ್ತಿದ್ದ. ಮೂರರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ಅಧಿಕಾರ ಇದ್ದದ್ದು ಎತ್ತಿಗೆ ಮಾತ್ರ.

ಅವರು ನಾಲ್ಬಂದರು, ಅಂದರೆ ಎತ್ತು ಕುದುರೆಗಳ ಗೊರಸಿಗೆ ಲಾಳ ಹೊಡೆಯುವವರು. ನಮ್ಮ ಕಡೆ ಲಾಳಕ್ಕೆ ನಾಲ ಎನ್ನುತ್ತಾರೆ. ಹೆಸರು ನನಗೆ ಗೊತ್ತಿತ್ತು, ಆದರೆ ಆ ದಾರಿಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಚಾಚಾ ಅಂದರೆ ಸಾಕಿತ್ತು. ಇಲ್ಲಿಯೂ ಅಷ್ಟೇ ಸಾಕು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಭಾಲ್ಕಿಯ ನಮ್ಮ ಅಂಗಡಿಯಲ್ಲಿ, ಬೆಲ್ಲ ಕೊಳ್ಳಲು ಬಂದ ಒಬ್ಬನ ಬಾಯಿಂದ. ಬೆಲ್ಲದ ಬಣ್ಣ ಕಪ್ಪಾಯಿತು ಎಂದು ಜಗಳವಾಡುತ್ತ ನಡುವೆ ಅದನ್ನೂ ಹೇಳಿದ, ಮತ್ತೆ ಬೆಲ್ಲಕ್ಕೆ ಬಂದ. ಅಂದಿನಿಂದ ಬರೆಯಬೇಕು ಅಂದುಕೊಂಡಿದ್ದೇನೆ. ಬರೆಯದಿದ್ದದ್ದಕ್ಕೆ ಕಾರಣ, ಈ ಕತೆಯನ್ನು ಅಂಗಡಿಯ ಕಟ್ಟೆಯ ಮೇಲೆ ಬಹಳ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದರ ಮೂಲೆಗಳು ಸವೆದು ನುಣುಪಾಗಿವೆ. ಕೈಗೆ ಹಿತವಾಗಿರುವ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ಆದ್ದರಿಂದ ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಇಡುತ್ತೇನೆ.

ಮರ ಇದ್ದದ್ದು ಕರಿ ಮಣ್ಣು ಮುಗಿದು ಕೆಂಪು ಮಣ್ಣು ಸುರುವಾಗುವಲ್ಲಿ. ಭಾಲ್ಕಿಯಿಂದ ಬಂದ ದಾರಿ, ಔರಾದದಿಂದ ಸಂತಪುರದ ಮೇಲೆ ಬಂದ ದಾರಿ ಅಲ್ಲಿ ಕೂಡಿ ಬೀದರಿನ ದಿಬ್ಬ ಏರುತ್ತಿದ್ದವು. ಕರಿ ಮಣ್ಣಿನಲ್ಲಿ ಎತ್ತಿಗೆ ಲಾಳ ಬೇಡ. ಬೀದರಿನ ಕೆಂಪು ಕಲ್ಲು ಮಾತ್ರ ಗೊರಸನ್ನು ಅರದ ಹಾಗೆ ತಿನ್ನುತ್ತದೆ. ಹೀಗಾಗಿ ಲಾಳ ಬೇಕಾಗುವ ಜಾಗದಲ್ಲೇ ಚಾಚಾನ ಅಜ್ಜ ಕೂತ, ಆಮೇಲೆ ಅಪ್ಪ, ಆಮೇಲೆ ಇವರು. ಮರ ಅವರೆಲ್ಲರಿಗಿಂತ ಹಳೆಯದು. ಬೀದರಿನಿಂದ ಯಾವ ಊರಿಗೆ ದಾರಿ ಕೇಳಿದರೂ "ಹುಣಸಿ ಗಿಡದ ತನಕ ಹೋಗ್ರಿ, ಮುಂದ ಕೇಳ್ರಿ" ಎಂಬ ಉತ್ತರ ಬರುತ್ತಿತ್ತು. ನಮ್ಮ ಕಡೆ ಎಷ್ಟು ದೊಡ್ಡ ಮರವೂ ಗಿಡವೇ.

ಬಹಮನಿ ಸುಲ್ತಾನರು ಕೋಟೆ ಕಟ್ಟುವಾಗ ಕಲ್ಲು ಹೊತ್ತ ಆನೆಗಳನ್ನು ಅದಕ್ಕೆ ಕಟ್ಟುತ್ತಿದ್ದರಂತೆ. ಒಂದು ಆನೆಯ ಸರಪಳಿ ಅಲ್ಲೇ ಉಳಿದು, ಮರ ಬೆಳೆದು ಅದನ್ನು ಒಳಗೆ ಸೇರಿಸಿಕೊಂಡಿತಂತೆ. ಇದನ್ನು ನಂಬದವರು ಬೀದರಿನಲ್ಲಿ ಇರಲಿಲ್ಲ. ಚಾಚಾ ಒಬ್ಬರೇ ನಗುತ್ತಿದ್ದರು. "ಸರಪಳಿ ಇತ್ತಂದ್ರ ನಮ್ಮ ಅಬ್ಬಾ ಬಿಡ್ತಿದ್ನ? ಯಾವಾಗೋ ತಗದು ನಾಲ ಮಾಡ್ತಿದ್ದ."

ಆದರೆ ಮರದೊಳಗೆ ಕಬ್ಬಿಣ ಇದ್ದದ್ದು ಖರೆ. ಅದು ಅವರದೇ ಕಬ್ಬಿಣ. ಆ ದಾರಿಯ ಪದ್ಧತಿ ಹೀಗಿತ್ತು: ಹೊಸ ಎತ್ತಿಗೆ ಮೊದಲ ಸಲ ಹೊಡೆದ ಲಾಳ ಸವೆದು ಬಿಚ್ಚಿದಾಗ ಅದನ್ನು ಎಸೆಯುವಂತಿಲ್ಲ. ಅರಿಸಿನ ಹಚ್ಚಿ ಹುಣಸೆಗೆ ಹೊಡೆಯಬೇಕು. ತೊಗಟೆ ಬೆಳೆದು ಲಾಳವನ್ನು ಪೂರ್ತಿ ಮುಚ್ಚಿತು ಅಂದರೆ ಗಿಡ ತಿಂದಿತು ಎಂದು ಅರ್ಥ. ಆ ಎತ್ತು ಇನ್ನು ಕುಂಟುವುದಿಲ್ಲ. ಗಾಡಿಯವರು ಬಂದಾಗಲೆಲ್ಲ ತಮ್ಮ ಲಾಳ ಎಲ್ಲಿಗೆ ಬಂತು ಎಂದು ಬೊಡ್ಡೆಯನ್ನು ತಡವಿ ನೋಡುತ್ತಿದ್ದರು. ಕೆಲವು ಅರ್ಧ ಮುಳುಗಿರುತ್ತಿದ್ದವು, ಕೆಲವು ತುಟಿಯ ನಡುವೆ ವೀಳ್ಯದೆಲೆಯ ತುದಿ ಕಾಣುವ ಹಾಗೆ ಅಂಚು ಮಾತ್ರ. ಭಾತಂಬ್ರಾದ ಮುದುಕನಂಥವರು ಬೊಡ್ಡೆಯಲ್ಲಿ ಜಾಗ ಸಾಲದೆ ಗಾಡಿಯ ಮೇಲೆ ನಿಂತು, ದಾರಿಯ ಮೇಲೆ ಚಾಚಿದ್ದ ದೊಡ್ಡ ಕೊಂಬೆಯ ಬುಡಕ್ಕೆ ಹೊಡೆಯುತ್ತಿದ್ದರು. ಅಲ್ಲಿ ತೊಗಟೆ ಎಳೆಯದು, ಬೇಗ ತಿನ್ನುತ್ತದೆ ಎಂದು ಅವರ ಲೆಕ್ಕ. ಹೊರಗೆ ಏನೂ ಕಾಣುತ್ತಿರಲಿಲ್ಲ. ಗಂಟು ಗಂಟಾಗಿ ಬಾತ ಹಾಗೆ ಇರುತ್ತಿತ್ತು, ಅಷ್ಟೇ.

ಒಬ್ಬ ಬಂದು ಜಗಳ ತೆಗೆದದ್ದು ನೆನಪಿದೆ. "ಚಾಚಾ, ಎರಡು ಬ್ಯಾಸಗಿ ಆಯ್ತು. ನಿನ್ನ ಗಿಡ ನನ್ನ ನಾಲ ಮುಟ್ಟೇ ಇಲ್ಲ. ಎತ್ತು ಕುಂಟ್ಲತ್ತದ."

"ಅದಕ್ಕೂ ಹಸಿವಿ ಆಗಬೇಕಲ್ಲೋ ಯಪ್ಪಾ. ಇಷ್ಟು ಮಂದಿ ತಂದು ತುರುಕಿದ್ರ ಯಾವದಂತ ತಿಂತದ?"

ಈ ಪದ್ಧತಿ ಯಾಕೆ ಎಂದರೆ ಅವರು ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಹಣೆಗೆ ವಿಭೂತಿ ಇದ್ದವರಿಗೆ, ಎತ್ತಂದ್ರ ನಿಮ್ಮ ಬಸವಣ್ಣ ಅಲ್ಲೇನ್ರಿ, ಅವನ ಪಾದದ್ದು ಎಸೀಬಾರದು ಎನ್ನುತ್ತಿದ್ದರು. ತಮ್ಮವರಿಗೆ, ಇಲ್ಲಿ ಒಬ್ಬ ವಲಿ ಕುಂತು ಹೋಗ್ಯಾರ ಎಂದು ಯಾರೋ ಸಂತರನ್ನು ತರುತ್ತಿದ್ದರು. ನನಗೆ ಹೇಳಿದ್ದು ಬೇರೆ. "ಗಿರಾಕಿ ತನ್ನ ನಾಲ ನೋಡ್ಲಾಕ ತಿರುಗಿ ಬರ್ತಾನರಿ. ನೀವು ವ್ಯಾಪಾರಸ್ಥರು, ನಿಮಗ ತಿಳೀತದ." ನನಗೆ ಹೇಳಿದ್ದೇ ನಿಜ ಎಂದು ಬಹಳ ಕಾಲ ನಂಬಿದ್ದೆ. ಅವರು ನನ್ನ ಮುಖವನ್ನೂ ನೋಡಿಯೇ ಹೇಳಿದ್ದರು ಎಂಬುದು ಹೊಳೆಯಲು ತಡವಾಯಿತು.

ಕೆಲಸ ಮಾಡುವಾಗ ಮೊಳೆಗಳು ಬಾಯಲ್ಲಿ. ತುಟಿಯ ನಡುವಿನಿಂದ ಒಂದೊಂದೇ ತೆಗೆದು ಹೊಡೆಯುತ್ತಿದ್ದರು. ಉತ್ತರ ಕೊಡಲು ಮನಸ್ಸಿಲ್ಲದಾಗ ಬೇಕಾದ್ದಕ್ಕಿಂತ ಹೆಚ್ಚು ಮೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ. ಒಂದು ಮೊಳೆಯೂ ನೆಲಕ್ಕೆ ಬೀಳುವಂತಿರಲಿಲ್ಲ. ಬಿದ್ದರೆ ಕೆಲಸ ನಿಲ್ಲಿಸಿ ಹುಡುಕಿ ಎತ್ತಿಕೊಂಡೇ ಮುಂದಿನ ಮಾತು. ಎತ್ತಿನ ಕಾಲಿಗೆ ನಾಲ ಹೊಡೆಯುವವನು ಎತ್ತಿನ ಕಾಲಿಗೆ ಮುಳ್ಳು ಬಿತ್ತಬಾರದು, ಇಷ್ಟು ಧರ್ಮ ಅವರಿಗೆ ಅಪ್ಪ ಕಲಿಸಿದ್ದು. ರಮಜಾನಿನ ರೋಜಾದಲ್ಲಿ, ಆ ಉಪವಾಸದ ತಿಂಗಳಲ್ಲಿ ಮಾತ್ರ ಮೊಳೆಗಳು ಬಾಯಿಂದ ತಲೆಯ ರುಮಾಲಿನ ಮಡಿಕೆಗೆ ಹೋಗುತ್ತಿದ್ದವು.

ಭಾತಂಬ್ರಾದ ಮುದುಕ ಬಿಡುತ್ತಿರಲಿಲ್ಲ. "ಯಾಕ ಚಾಚಾ, ಮೊಳಿ ತಿಂದ್ರ ರೋಜಾ ಮುರೀತದೇನ?"

"ಮುರಿಯಂಗಿಲ್ಲ ಮುತ್ಯಾ. ಆದ್ರ ಬಾಯಾಗ ಏನರ ಇದ್ರ ಹೊಟ್ಟಿಗೆ ಸುಳ್ಳ ಆಸಿ ಹುಟ್ತದ."

ಇಬ್ಬರೂ ಒಂದೇ ವಯಸ್ಸಿನವರು. ಅವನು ಇವರನ್ನು ಚಾಚಾ ಎಂದೂ ಇವರು ಅವನನ್ನು ಮುತ್ಯಾ, ಅಂದರೆ ಅಜ್ಜ, ಎಂದೂ ಕರೆದು ತಮ್ಮ ತಮ್ಮ ವಯಸ್ಸು ಇಳಿಸಿಕೊಳ್ಳುತ್ತಿದ್ದರು.

ಆಗ ಬೀದರಿಗೆ ಮೋಟಾರುಗಳು ಬರಲು ಸುರುವಾಗಿತ್ತು. ದಾರಿಯನ್ನು ಅಗಲ ಮಾಡಿ ಖಡಿ, ಜಲ್ಲಿಕಲ್ಲು ಹಾಕುವ ಕೆಲಸ ದಿಬ್ಬದ ಬುಡಕ್ಕೆ ಬಂತು. ಅದರ ಓವರ್ಸಿಯರ್ ಹೊರಗಿನಿಂದ ಬಂದವರು, ಉರ್ದು ಮಾತನಾಡುವವರು, ಸೈಕಲ್ಲಿನ ಮೇಲೆ ಬರುತ್ತಿದ್ದರು. ಹುಣಸೆಯನ್ನು ಪೂರ್ತಿ ತೆಗೆಯಬೇಕು ಎಂದು ಮೊದಲು ಹೇಳಿದರು. ಚಾಚಾ ಅವರನ್ನು ತಮ್ಮ ಮಂಚದ ಮೇಲೆ ಕೂರಿಸಿ, ಮಡಕೆಯ ನೀರು ಕೊಟ್ಟು, ಸುಮ್ಮನೆ ಲಾಳ ಹೊಡೆಯುತ್ತ ಕೂತರಂತೆ. ಬೇಸಗೆಯ ಮಧ್ಯಾಹ್ನ. ಓವರ್ಸಿಯರ್ ಅಲ್ಲೇ ಒರಗಿ ನಿದ್ದೆ ಹೋದರು. ಎದ್ದು ಮುಖ ತೊಳೆದುಕೊಂಡು, ಮರ ಇರಲಿ, ದಾರಿಯ ಮೇಲೆ ಚಾಚಿದ ಒಂದು ಕೊಂಬೆ ಮಾತ್ರ ಹೋಗಲಿ, ಮೋಟಾರಿನ ತಲೆಗೆ ತಾಗುತ್ತದೆ ಎಂದರು. ಇದನ್ನು ನನಗೆ ಚಾಚಾನೇ ಹೇಳಿದರು, ಸಂತೋಷವಿಲ್ಲದೆ.

"ಬೇಷ್ ಆಯ್ತಲ್ರಿ," ಅಂದೆ. "ಗಿಡ ಉಳೀತು."

"ಇವತ್ತ ಕೈ ಕೊಟ್ರ ನಾಳಿ ಕುತ್ತಿಗಿ ಕೇಳ್ತಾರ."

"ಮೋಟಾರು ಹೋಗಬೇಕಲ್ಲ."

"ನಮ್ಮ ಅಬ್ಬಾನ ಕಾಲದಾಗ ಒಬ್ಬ ಜಾಗೀರದಾರನ ಮಂದಿ ಕೊಡ್ಲಿ ತಗೊಂಡು ಬಂದಿದ್ರು. ಎರಡು ಏಟು ಹಾಕಿದ್ರು, ಕಬ್ಬಿಣಕ್ಕ ಬಡದು ಕೊಡ್ಲಿ ಬಾಯಿ ಹೋಯ್ತು. ಇದು ವಲೀದು ಅಂತ ಕೈ ಮುಗದು ತಿರುಗಿ ಹೋದ್ರು. ಅಬ್ಬಾ ಒಂದು ಮಾತ ಆಡಿಲ್ಲ. ಕುಂತಲ್ಲೇ ಕುಂತಿದ್ದ."

ಇದನ್ನು ಹೇಳುವಾಗ ಅವರ ಮುಖದಲ್ಲಿ ಏನಿತ್ತು ಎಂದು ಬಹಳ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಒಂದು ಮುಗುಳುನಗೆ ಇತ್ತು ಎಂದು ಈಗ ಕಾಣುತ್ತದೆ. ಆಮೇಲೆ ನಡೆದದ್ದು ಗೊತ್ತಿರುವುದರಿಂದ ನಾನೇ ಅದನ್ನು ಅಲ್ಲಿ ಇಟ್ಟಿರಬಹುದು.

ಗರಗಸದವರು ಕಮಠಾಣದಿಂದ ಬಂದ ದಿನ ನಾನು ಬೆಲ್ಲದ ವ್ಯಾಪಾರಕ್ಕೆ ಬೀದರಿನ ಗಂಜಿನಲ್ಲಿದ್ದೆ. ನಮ್ಮ ಮುದುಕ ಮರದ ಕೆಳಗೆ ಎತ್ತು ಕೆಡವಿಸಿ ಅದರ ಕುತ್ತಿಗೆಯ ಮೇಲೆ ಕೂತಿದ್ದ. ಅವನು ಹೇಳಿದ್ದೂ, ಆಮೇಲೆ ಗರಗಸದವನು ನನ್ನೆದುರು ಹೇಳಿದ್ದೂ ಒಂದಕ್ಕೊಂದು ಹೊಂದುತ್ತವೆ. ಆದ್ದರಿಂದ ಈ ಭಾಗವನ್ನು ನಂಬುತ್ತೇನೆ.

ಅಣ್ಣ ತಮ್ಮ ಇಬ್ಬರಲ್ಲಿ ಹಿರಿಯವನು ಮರವನ್ನು ಒಂದು ಸುತ್ತು ಹಾಕಿ, ಬೊಡ್ಡೆಯ ಲಾಳಗಳನ್ನು ನೋಡಿ, ಕೊಂಬೆಯ ಬುಡವನ್ನು ಕೊಡಲಿಯ ಹಿಂಬದಿಯಿಂದ ತಟ್ಟಿ, ಚಾಚಾನ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತ.

"ಚಾಚಾ, ಬೊಡ್ಡಿಗಿದ್ದದ್ದು ಕಾಣ್ತದ. ಈ ಕೊಂಬಿ ಬುಡದಾಗ ಏನರ ಅದನ?"

"ಗಿಡದಾಗ ಗಿಡ ಇರ್ತದ. ಮತ್ತೇನ ಇರ್ತದ?"

"ಹಂಗಲ್ಲ. ಗರಗಸ ಹೊಸಾದು. ಇದರ ಹಲ್ಲ ಹೋದ್ರ ನನ್ನ ಹಲ್ಲಿಗೆ ಕೆಲಸ ಇಲ್ಲ. ಎಲ್ಲಿ ಸ್ವಚ್ಛ ಅದ ಅಷ್ಟು ಹೇಳು. ಬೇಕಾದ್ರ ಒಂದು ಮೊಳ ಆಚಿ ಹಚ್ತೀನಿ. ಸಾಹೇಬ್ರಿಗೆ ನಾ ಹೇಳ್ಕೋತೀನಿ."

ಚಾಚಾ ಬಾಯೊಳಗಿನ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. "ಎಲ್ಲಾ ಸ್ವಚ್ಛ ಅದ. ಹಚ್ಚು."

ಎತ್ತಿನ ಕುತ್ತಿಗೆಯ ಮೇಲಿದ್ದ ನಮ್ಮ ಮುದುಕನ ಲಾಳವೇ ಆ ಬುಡದಲ್ಲಿತ್ತು. ಅವನು ಚಾಚಾನ ಕಡೆ ನೋಡಿದ. ಚಾಚಾ ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡರು.

ನಾನು ಕತೆ ಹೇಳುವಾಗ ಗರಗಸ ಪ್ರತಿ ಸಲವೂ ಸ್ವಲ್ಪ ಮೊದಲೇ ಮುರಿಯುತ್ತದೆ. ನಿಜವಾಗಿ ಅದು ಬಹಳ ಹೊತ್ತು ಚೆನ್ನಾಗಿಯೇ ನಡೆಯಿತಂತೆ. ಹುಣಸೆಯ ಒಳಗಿನ ಗಟ್ಟಿ ಚೇಗು ಕರ್ರಗಿನ ಪುಡಿಯಾಗಿ ಉದುರುತ್ತಿತ್ತು. ಚಾಚಾ ಎರಡು ಎತ್ತು ಮುಗಿಸಿದರು. ಆಮೇಲೆ ಕಿವಿಗೆ ಸೂಜಿ ಚುಚ್ಚಿದ ಹಾಗೆ ಒಂದು ಶಬ್ದ ಬಂತು. ಗರಗಸ ಹೊರಗೆ ಬಂದಾಗ ಅದರ ನಡುಭಾಗ ಹಲ್ಲು ಬಿದ್ದ ಮುದುಕಿಯ ಬಾಯಿಯ ಹಾಗಿತ್ತು. ಕೊಂಬೆ ಅಲ್ಲೇ ಇತ್ತು. ಗರಗಸದವನು ಚಾಚಾನ ಕಡೆ ತಿರುಗಿ, "ನನ್ನದು ಮುರದ್ರ ನಿನ್ನದು ಉಳೀತದೇನ?" ಎಂದು ಕೇಳಿದ. ಚಾಚಾನ ಅಪ್ಪ ಕುಂತಲ್ಲೇ ಕುಂತಿದ್ದನಲ್ಲ, ಇವರೂ ಹಾಗೆಯೇ ಕೂತರು.

ಮರುದಿನ ನಾನು ಅಲ್ಲಿದ್ದೆ. ಓವರ್ಸಿಯರ್ ಸೈಕಲ್ಲು ಒರಗಿಸಿ ಗರಗಸವನ್ನು ಬೆರಳಿನಿಂದ ಸವರಿ ನೋಡಿದರು. ಕೈ ಮುಗಿಯಲಿಲ್ಲ, ವಲಿಯ ಮಾತೆತ್ತಲಿಲ್ಲ. ದಾರಿಯ ಕೆಲಸ ಈ ಒಂದು ಕೊಂಬೆಗೆ ನಿಂತಿದೆ, ಇನ್ನು ಯಾರ ಗರಗಸವೂ ಬೇಡ, ಬೊಡ್ಡೆಯ ಪೊಟರೆಗೆ ಬೆಂಕಿ ಇಡಿ ಎಂದರು. ಒಂದು ಕೊಂಬೆಗೆ ಮಾತ್ರ ಬೆಂಕಿ ಇಡಲು ಬರುವುದಿಲ್ಲ. ಇಡೀ ಮರ ಹೋಗಬೇಕು. ಕೂಲಿಯವರು ಆಗಲೇ ತೊಗರಿ ಕಟ್ಟಿಗೆಯ ಹೊರೆ ಇಳಿಸುತ್ತಿದ್ದರು.

ಚಾಚಾ ಎದ್ದು ಬಂದರು. ಅವರು ಕೆಲಸದ ನಡುವೆ ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಡವಿದ ಎತ್ತು ಕಾಲು ಕಟ್ಟಿಸಿಕೊಂಡು ಅಲ್ಲೇ ಬಿದ್ದಿತ್ತು. ಓವರ್ಸಿಯರರಿಗೆ ಉರ್ದುವಿನಲ್ಲಿ ಹೇಳಿದರು, ಗರಗಸದವನಿಗೆ ಕನ್ನಡದಲ್ಲಿ ಹೇಳಿದರು. ಎರಡೂ ಒಂದೇ ಮಾತು. "ಬುಡದಾಗ ಕಬ್ಬಿಣ ಅದ. ತುಂಬಾ ಅದ. ಒಂದು ಮೊಳ ಆಚಿ ಒಂದೂ ಇಲ್ಲ. ಅಲ್ಲಿ ಹಚ್ರಿ. ಕಸಮ್ ಹಾಕ್ತೀನಿ."

"ನಿನ್ನಿನೂ ಸ್ವಚ್ಛ ಇತ್ತಲ್ಲ ಚಾಚಾ," ಅಂದ ಗರಗಸದವನು.

"ನಿನ್ನಿ ಸುಳ್ಳ ಹೇಳಿದೆ."

"ಇವತ್ತ?"

ಓವರ್ಸಿಯರ್ ಗರಗಸದವನನ್ನು ಕೇಳಿದರು, ನಿನ್ನ ತಮ್ಮನ ಗರಗಸ ಇದೆಯಲ್ಲ, ಹಚ್ಚುತ್ತೀಯಾ? ಅವನು ತಲೆ ಅಲ್ಲಾಡಿಸಿದ. "ಇಲ್ಲರಿ ಸಾಹೇಬ್ರ. ಇವ್ರು ತೋರಿಸಿದ ಜಾಗದಾಗ ನಾ ಬಾಳಿ ಗಿಡಕ್ಕೂ ಹಚ್ಚಂಗಿಲ್ಲ." ಕೂಲಿಯವರು ನಕ್ಕರು. ಓವರ್ಸಿಯರ್ ನಗಲಿಲ್ಲ. ಬೆಂಕಿಗೆ ಹಲ್ಲಿರುವುದಿಲ್ಲ ಎಂದು ಉರ್ದುವಿನಲ್ಲಿ ಹೇಳಿ ಸೈಕಲ್ಲು ಹತ್ತಿದರು. ಅವರು ಕೆಟ್ಟವರಲ್ಲ. ಒಮ್ಮೆ ಮರದ ನೆರಳಿನಲ್ಲಿ ಮಲಗಿ ಎದ್ದವರು, ಎರಡನೆಯ ಸಲ ಅವರಿಗೆ ಪುರಸತ್ತು ಇರಲಿಲ್ಲ.

ಚಾಚಾ ಹಿಂದಕ್ಕೆ ಹೋಗಿ ಬಿದ್ದಿದ್ದ ಎತ್ತಿನ ಉಳಿದ ಎರಡು ಗೊರಸು ಮುಗಿಸಿದರು. ಅಳುತ್ತಿದ್ದರು ಎಂದು ಭಾಲ್ಕಿಯಲ್ಲಿ ಹೇಳುತ್ತಾರೆ. ನಾನು ಹತ್ತಿರವೇ ನಿಂತಿದ್ದೆ, ಕಾಣಲಿಲ್ಲ. ಆ ಹೊತ್ತಿಗೆ ಹೊಗೆಯೂ ಇತ್ತು.

ಮರ ಹಲವು ದಿನ ಉರಿಯಿತು. ಉರಿಯಿತು ಎನ್ನುವುದಕ್ಕಿಂತ ಒಳಗೊಳಗೆ ಕೆಂಡವಾಯಿತು. ಚಾಚಾ ದಾರಿಯ ಆಚೆ ನಾಲ್ಕು ಕೋಲಿಗೆ ಒಂದು ಹಳೆಯ ಜಮಖಾನೆ ಕಟ್ಟಿ ಅದರ ಕೆಳಗೆ ಕೂತರು. ಹೊಗೆಗೆ ಎತ್ತುಗಳು ಬೆದರುತ್ತಿದ್ದವು, ಹಗ್ಗ ಸುತ್ತಲು ಬೇರಿನ ಗಂಟೂ ಇರಲಿಲ್ಲ. ಈಗ ಎತ್ತು ಕೆಡವಲು ನಿಜವಾಗಿಯೂ ಶಕ್ತಿ ಬೇಕಾಯಿತು. ದಾರಿಯ ಜನ ಬೇರಿನ ಕೆಂಡದಲ್ಲಿ ಹುಣಸೆ ಬೀಜ ಹುರಿದು ತಿಂದರು. ಯಾರೋ ಚಾಚಾನಿಗೂ ಒಂದು ಹಿಡಿ ಕೊಟ್ಟರು. ತೆಗೆದುಕೊಂಡರು, ಜಗಿದರು.

ಕಾಂಡ ಕುಸಿದ ಮೇಲೆ ಬೀದರಿನಿಂದ ಜನ ಬಂದರು, ಆನೆಯ ಸರಪಳಿ ನೋಡಲು. ಚಾಚಾ ಒಂದು ಗುದ್ದಲಿಯಿಂದ ಬೂದಿಯನ್ನು ಎಳೆದು ಎಳೆದು ಗುಡ್ಡೆ ಮಾಡುತ್ತಿದ್ದರು. ಬಂದದ್ದು ಲಾಳ, ಮೊಳೆ, ಲಾಳ. ಅಜ್ಜನದು, ಅಪ್ಪನದು, ತಮ್ಮದು, ಯಾವುದು ಯಾರದು ಎಂದು ಹೇಳಲು ಬರುವಂತಿರಲಿಲ್ಲ. ಕೆಲವು ಒಂದಕ್ಕೊಂದು ಹತ್ತಿಕೊಂಡು ಉಂಡೆಯಾಗಿದ್ದವು. ಸರಪಳಿ ಇರಲಿಲ್ಲ. ಜನಕ್ಕೆ ಮರ ಹೋದದ್ದಕ್ಕಿಂತ ಇದು ಹೆಚ್ಚು ಬೇಸರ ತಂದಿತು.

"ಚಾಚಾ, ಸರಪಳಿ ಸುಮ್ಮ ಮನಿಗಿ ಒಯ್ದಿ ಏನ?"

"ಹೌದು. ಆನಿನೂ ಒಯ್ದೀನಿ."

ಸರಪಳಿ ಕಣ್ಣಾರೆ ಕಂಡವರು ಇವತ್ತಿಗೂ ಔರಾದದಲ್ಲಿ ಇಬ್ಬರಿದ್ದಾರೆ. ನಾನು ಕಂಡದ್ದು ಲಾಳ ಮಾತ್ರ.

ಆ ಕಬ್ಬಿಣವನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಜೋಪಾನ ಮಾಡುತ್ತೀರಾ ಎಂಬ ಅರ್ಥದಲ್ಲಿ ಕೇಳಿದ್ದೆ ಅನಿಸುತ್ತದೆ. ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಕಬ್ಬಿಣಲೆ ಏನ ಮಾಡ್ತಾರ್ರಿ? ನಾಲ ಮಾಡ್ತೀನಿ." ಮಾಡಿದರು. ಸುಟ್ಟ ಕಬ್ಬಿಣ ಮಿದು, ಬೀದರಿನ ಕಲ್ಲಿಗೆ ಬೇಗ ಸವೆಯಿತು. ಗಾಡಿಯವರು ಬೈದರು. ಆದರೂ ಮುಗಿಯುವ ತನಕ ಚಾಚಾ ಅದನ್ನೇ ಹೊಡೆದರು. ಆ ಮರದೊಳಗಿನದೆಲ್ಲ ಕೊನೆಗೆ ದಿಬ್ಬದ ದಾರಿಯಲ್ಲೇ ಪುಡಿಯಾಗಿ ಹೋಯಿತು.

ಕಮಠಾಣದ ಗರಗಸದವನೂ ಒಮ್ಮೆ ಎತ್ತು ತಂದ. ಬೇರೆ ನಾಲ್ಬಂದರು ಹತ್ತಿರದಲ್ಲಿ ಇರಲಿಲ್ಲ, ಅಷ್ಟೇ ಕಾರಣ ಇರಬಹುದು.

"ಅದೇ ಕಬ್ಬಿಣ ಏನ ಇದು?"

"ಹೌದು."

"ಸ್ವಚ್ಛ ಅದ?"

ಚಾಚಾ ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡರು. ಗರಗಸದವನು ಎತ್ತಿನ ಕುತ್ತಿಗೆಯ ಮೇಲೆ ಕೂತು ಆಕಾಶ ನೋಡಿದ. ಎತ್ತಿಗೆ ಲಾಳ ಬಿತ್ತು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಕೆಲವು ವರ್ಷಗಳ ಮೇಲೆ. ದಾರಿ ಅಗಲವಾಗಿತ್ತು. ಓವರ್ಸಿಯರ್ ಎರಡೂ ಕಡೆ ಬೇವು ನೆಡಿಸಿದ್ದರು. ಒಂದು ಬೇವು ಹುಣಸೆ ಇದ್ದ ಜಾಗದಲ್ಲೇ, ಮುಳ್ಳಿನ ಬೇಲಿಯಿಂದ ಹೊರಗೆ ಬಂದು, ತೋಳಿನಷ್ಟು ದಪ್ಪವಾಗಿತ್ತು. ಜಮಖಾನೆ ಬಿಟ್ಟು ಚಾಚಾ ಮತ್ತೆ ಈಚೆಗೆ ಬಂದು ಅದರ ಚೂರು ನೆರಳಿನಲ್ಲಿ ಕೂತಿದ್ದರು. ಹಗ್ಗವನ್ನು ಅದಕ್ಕೆ ಸುತ್ತಿರಲಿಲ್ಲ. ನೆಲದಲ್ಲಿ ಬೇರೆ ಗೂಟ ಹುಗಿದಿದ್ದರು.

ನಮ್ಮ ಮುದುಕ ಹೊಸ ಎತ್ತಿನ ಮೊದಲ ಲಾಳ ಬಿಚ್ಚಿಸಿದ. ಸೊಂಟದ ಚೀಲದಿಂದ ಅರಿಸಿನ ತೆಗೆದು ಹಚ್ಚಿದ. ಪಕ್ಕದಲ್ಲಿದ್ದ ಸುತ್ತಿಗೆ ತೆಗೆದುಕೊಂಡು ಬೇವಿನ ಕಡೆ ನಡೆದ. ಯೋಚಿಸಿ ಮಾಡಿದ್ದಲ್ಲ, ಕೈಗೆ ರೂಢಿ.

ಚಾಚಾನ ಬಾಯಿ ತುಂಬ ಮೊಳೆ. ಕೈ ಬೀಸಿದರು. ಮುದುಕ ನೋಡಲಿಲ್ಲ. ಸುತ್ತಿಗೆ ಎತ್ತಿದ. ಆಗ ಚಾಚಾ ಬಾಯೊಳಗಿನದನ್ನೆಲ್ಲ ಉಗುಳಿದರು, ದಾರಿಯಲ್ಲಿ, ಎತ್ತಿನ ಕಾಲ ಬುಡದಲ್ಲಿ.

"ಬ್ಯಾಡೋ ಮುತ್ಯಾ. ಅದರದು ರೋಜಾ ಅದ."

ಮುದುಕ ತಿರುಗಿ ನೋಡಿದ. "ಎಂದ ಬಿಡ್ತದ?"

"ನಾ ಹೋದ ಮ್ಯಾಲ ಅದಕ್ಕೇ ಕೇಳು."

ಮುದುಕ ಲಾಳವನ್ನು ಗಾಡಿಯೊಳಗೆ ಒಗೆದ. ಆಮೇಲೆ ಮೂವರೂ ಬಗ್ಗಿ, ಎತ್ತು ಕಾಲೂರುವ ಮೊದಲು, ಕೆಂಪು ಮಣ್ಣಿನಲ್ಲಿ ಮೊಳೆಗಳನ್ನು ಹುಡುಕಿದೆವು.